ಕಪ್ಪು ಪರದೆಗೆ ಬರೆದ ನಾಲ್ಕು ಸಾಲು

ಕಪ್ಪಾಗಿ ಕುಳಿತ ಕಂಪ್ಯೂಟರ್ ಪರದೆಯ ಮುಂದೆ ನಿಂತು ನಾನೊಮ್ಮೆ ಕೆಮ್ಮಿದರೆ ಸಾಕು, ಅಕ್ಷರಗಳು ಹೆದರಿ ಸಾಲಾಗಿ ಹೊರಗೆ ಬಂದು ನಿಲ್ಲುತ್ತವೆ. ಒಮ್ಮೆ ಸೌದಿಯ ದಮ್ಮಾಮಿನಲ್ಲಿ ಕೆಮ್ಮಿದ್ದಕ್ಕೆ ದೇಶದ ಇನ್ನೊಂದು ತುದಿಯ ಜಿಜಾನಿನ ಬಂದರಿನಲ್ಲಿ ಕೆಟ್ಟು ನಿಂತಿದ್ದ ಹಡಗಿನ ಕಂಪ್ಯೂಟರ್ ಸರಿಹೋಗಿ, ಅದರ ಕಪ್ತಾನ ಮರುಭೂಮಿ ದಾಟಿ ಬಂದು, ನನ್ನ ಗಂಟಲನ್ನು ಬ್ಯಾಟರಿ ಹಾಕಿ ನೋಡಿಕೊಂಡು ಹೋದ. ನಂಬದವರು ನಂಬಬೇಡಿ. ನನ್ನನ್ನು ನಂಬದವರು ಈ ಊರಿನಲ್ಲಿ ಮೊದಲೇ ಬೇಕಾದಷ್ಟು ಇದ್ದಾರೆ. ಅವರ ಜೊತೆ ನೀವೂ ಸೇರಿದರೆ ನನಗೇನೂ ಸೆಕೆ ಹೆಚ್ಚಾಗುವುದಿಲ್ಲ.

ನಾನು ಸೀನ, ಮುಲ್ಕಿಯವನು. ದಮ್ಮಾಮಿನ ಕೈಗಾರಿಕಾ ಪ್ರದೇಶದಲ್ಲಿ ವಾಲ್ವುಗಳ ಒತ್ತಡ ಪರೀಕ್ಷೆ ಮಾಡುವ ಒಂದು ಕಂಪನಿಯಲ್ಲಿ ಕೆಲಸ. ಕೆಲಸ ಎಂದರೆ ಅಂಥಿಂಥದ್ದಲ್ಲ, ನಾನು ರಜೆ ಹಾಕಿದ ದಿನ ಆ ಕಂಪನಿಯ ಶಟರ್ ಮೇಲೇಳಲು ಒಪ್ಪುವುದಿಲ್ಲ. ಇಷ್ಟಾದರೂ ನನ್ನ ಇಕಾಮಾದಲ್ಲಿ, ಅಂದರೆ ಈ ದೇಶದಲ್ಲಿ ನಾನು ಬದುಕಬಹುದು ಎಂದು ಸರ್ಕಾರ ಕೊಟ್ಟ ಕಾರ್ಡಿನಲ್ಲಿ, ಹುದ್ದೆಯ ಜಾಗದಲ್ಲಿ 'ಆಮಿಲ್' ಎಂದು ಬರೆದಿದೆ. ಕೂಲಿಯಾಳು ಎಂದು ಅರ್ಥ. ಎಂಟು ಊರಿಗೆ ಬುದ್ಧಿ ಹಂಚುವಷ್ಟು ತಲೆ ಇರುವವನಿಗೆ ಈ ಬಿರುದು. ಬಿರುದಿನದ್ದು ಹೋಗಲಿ. ಆಮಿಲ್ ಎಂದಿರುವ ತನಕ ಹೆಂಡತಿಯನ್ನು ಇಲ್ಲಿಗೆ ಕರೆಸಿ ಮನೆ ಮಾಡುವ ಹಾಗಿಲ್ಲ. 'ಟೆಕ್ನಿಷಿಯನ್' ಎಂದು ಬದಲಾದರೆ ಅರ್ಜಿ ಹಾಕಬಹುದು. ನನ್ನ ಹೆಂಡತಿ ದೀಪ್ತಿ ಮದುವೆಯಾದಾಗಿನಿಂದ ಸೂಟ್‌ಕೇಸನ್ನು ಕಪಾಟಿನ ಮೇಲಿನಿಂದ ಇಳಿಸಿ, ಒರೆಸಿ, ಪುನಃ ಮೇಲಿಡುವುದನ್ನೇ ಒಂದು ವ್ರತದ ಹಾಗೆ ಮಾಡಿಕೊಂಡು ಬಂದಿದ್ದಾಳೆ.

ಹುದ್ದೆ ಬದಲಾಗಬೇಕಾದರೆ ಮುದೀರನ ಸಹಿ ಬೇಕು. ಮುದೀರ್ ಎಂದರೆ ನಮ್ಮ ಮ್ಯಾನೇಜರ್, ಅಬೂ ರಾಕಾನ್ ಎಂದು ಕರೆಯುತ್ತಾರೆ. ದಪ್ಪ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ತೋಬು ಎಂಬ ನಿಲುವಂಗಿ, ಜೇಬಿನಲ್ಲಿ ಚಿನ್ನದ ಬಣ್ಣದ ಪೆನ್ನು. ಆ ಪೆನ್ನು ಹೊರಗೆ ಬಂದದ್ದನ್ನು ಕಂಡವರು ಕಡಿಮೆ. ಕಿವಿ ಕೆರೆದುಕೊಳ್ಳಲು ಮಾತ್ರ ತೆಗೆಯುತ್ತಾನೆ ಎಂದು ನನ್ನ ಅಂದಾಜು.

ಒಂದು ಭಾನುವಾರ, ಅಂದರೆ ಇಲ್ಲಿ ವಾರದ ಮೊದಲ ಕೆಲಸದ ದಿನ, ಅವನು ನನ್ನನ್ನು ಕರೆದು, ಅರಬ್ಬಿ ಬೆರೆಸಿದ ಹಿಂದಿಯಲ್ಲಿ ಹೇಳಿದ. "ಸೀನಾ, ನೀನು ಲಿನಕ್ಸಿನ ಮಾಸ್ಟರ್ ಅಂತ ನೀನೇ ಹೇಳುತ್ತೀ. ಲ್ಯಾಬಿನ ಕಂಪ್ಯೂಟರಿನ ಕಪ್ಪು ಪರದೆ ಸರಿಮಾಡು. ಗುರುವಾರ ಗಿರಾಕಿ ಕಂಪನಿಯ ಇನ್‌ಸ್ಪೆಕ್ಟರ್ ಬರುತ್ತಾನೆ. ಅಷ್ಟರೊಳಗೆ ಆದರೆ ನಿನ್ನ ಕಾಗದಕ್ಕೆ ಸಹಿ."

"ಗುರುವಾರ ಯಾಕೆ, ಚಹಾ ಆರುವುದರೊಳಗೆ ಆಗುತ್ತದೆ," ಎಂದೆ.

ಈಗ ಆ ಕಪ್ಪು ಪರದೆ ಏನೆಂದು ಹೇಳುತ್ತೇನೆ. ನೀವು ದಡ್ಡರು ಎಂದಲ್ಲ, ನಮ್ಮ ಆಫೀಸಿನವರಿಗೆ ಹೇಳಿ ಹೇಳಿ ಅಭ್ಯಾಸವಾಗಿದೆ. ಲ್ಯಾಬಿನ ಕಂಪ್ಯೂಟರ್ ವಾಲ್ವಿಗೆ ನೀರಿನ ಒತ್ತಡ ಕೊಟ್ಟು, ಅದು ಎಷ್ಟು ಹೊತ್ತು ತಡೆದುಕೊಂಡಿತು ಎಂದು ಗ್ರಾಫ್ ಬರೆಯುತ್ತದೆ. ಗ್ರಾಫ್ ಕಾಣುವುದು ಲಿನಕ್ಸ್ ಎಂಬ, ವಿಂಡೋಸಿನ ಥರದ್ದೇ ಇನ್ನೊಂದು ವ್ಯವಸ್ಥೆಯ ಡೆಸ್ಕ್‌ಟಾಪಿನಲ್ಲಿ, ಬಣ್ಣದ ಚಿತ್ರಗಳು, ಮೌಸಿನ ಬಾಣ ಎಲ್ಲ ಇರುವ ಮಾಮೂಲಿ ಪರದೆ. ಈ ಗ್ರಾಫಿಗೆ ಆಗಾಗ ಲಕ್ವಾ ಹೊಡೆಯುತ್ತದೆ, ಗೆರೆ ನಿಂತಲ್ಲೇ ನಿಲ್ಲುತ್ತದೆ. ಆಗ ಕಂಟ್ರೋಲ್, ಆಲ್ಟ್ ಜೊತೆ ಎಫ್-ಎರಡು ಒತ್ತಬೇಕು. ಡೆಸ್ಕ್‌ಟಾಪ್ ಮರೆಯಾಗಿ, ಬರೀ ಅಕ್ಷರಗಳ ಒಂದು ಪರದೆ ಬರುತ್ತದೆ. ಅದಕ್ಕೆ ಕನ್ಸೋಲ್ ಎನ್ನುತ್ತಾರೆ. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಒಂದು ಸಾಲು ಟೈಪ್ ಮಾಡಿದರೆ ಗ್ರಾಫ್ ಮಾತ್ರ ಮತ್ತೆ ಶುರುವಾಗುತ್ತದೆ, ನಡೆಯುತ್ತಿರುವ ಪರೀಕ್ಷೆಯ ದಾಖಲೆ ಹಾಳಾಗುವುದಿಲ್ಲ. ಕರೆಂಟು ತೆಗೆದು ಹಾಕಿದರೆ ಎಲ್ಲ ಹೋಯಿತು, ಒತ್ತಡ ಮೊದಲಿನಿಂದ ಕೊಡಬೇಕು.

ಹಿಂದಿನ ತಿಂಗಳು ಯಾರೋ ಒಬ್ಬ ಮೂರ್ಖ ಆ ಕಂಪ್ಯೂಟರಿಗೆ, ಪರದೆಗೆ ಚಿತ್ರ ಕಳಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿದ. ಯಾರೆಂದು ಕೇಳಬೇಡಿ, ಒಬ್ಬರ ಹೆಸರು ಹೇಳಿ ಮರ್ಯಾದೆ ತೆಗೆಯುವ ಪೈಕಿ ನಾನಲ್ಲ. ಅಂದಿನಿಂದ ಈ ರೋಗ. ಕಂಪ್ಯೂಟರ್ ಹಾಕಿದ ಕೂಡಲೇ ನಾಲ್ಕು ಅಕ್ಷರ ಓಡುತ್ತವೆ, ಡೆಸ್ಕ್‌ಟಾಪ್ ಚೆಂದಕ್ಕೆ ಬರುತ್ತದೆ. ಆಮೇಲೆ ಕನ್ಸೋಲಿಗೆ ಹೋದರೆ ಕಪ್ಪು. ಎಫ್-ಒಂದು ಕಪ್ಪು, ಎಫ್-ಎರಡು ಕಪ್ಪು, ಆರರ ತನಕ ಕಪ್ಪು. ಏಳು ಒತ್ತಿದರೆ ಏನೂ ಆಗದ ಹಾಗೆ ಡೆಸ್ಕ್‌ಟಾಪ್ ನಗುತ್ತಾ ಬರುತ್ತದೆ. ಆರು ಬಾವಿ ದಾಟಿದರೆ ಒಂದು ಮನೆ. ಇಂಥ ಊರು ಕಟ್ಟಿದವನಿಗೆ ನಾಚಿಕೆ ಬೇಡವೇ?

ಇಂಟರ್ನೆಟ್ಟಿನಲ್ಲಿ ಇದಕ್ಕೆ ಔಷಧ ಹೇಳುವ ಒಂದು ಪಂಗಡವಿದೆ. ಎಲ್ಲರೂ ಲಿನಕ್ಸಿನ ಗುರುತಾದ ಪೆಂಗ್ವಿನ್ ಹಕ್ಕಿಯ ಚಿತ್ರ ಹಾಕಿಕೊಂಡವರು. ಕಂಪ್ಯೂಟರ್ ಏಳುವಾಗ ಓದುವ ಸಾಲಿಗೆ ಇಂಥ ಪದ ಸೇರಿಸು ಎಂದು ಒಬ್ಬ. ಅದೇ ಪದ ಇದ್ದರೆ ಮೊದಲು ಕಿತ್ತುಹಾಕು ಎಂದು ಇನ್ನೊಬ್ಬ. ಸೇರಿಸಿದೆ. ಡೆಸ್ಕ್‌ಟಾಪಿನ ಚಿತ್ರಗಳು ಹಲಸಿನ ಹಣ್ಣಿನ ಗಾತ್ರಕ್ಕೆ ಊದಿಕೊಂಡವು. ಕಿತ್ತೆ. ಹಣ್ಣು ಇಳಿಯಿತು, ಕಪ್ಪು ಹೋಗಲಿಲ್ಲ. ಮೂರನೆಯವನು, 'ನನಗೂ ಹೀಗೇ ಆಗಿತ್ತು, ಈಗ ಸರಿಯಾಗಿದೆ' ಎಂದು ಬರೆದು, ಹೇಗೆ ಎನ್ನುವುದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹೋಗಿದ್ದ. ಅವನು ಎದುರು ಸಿಕ್ಕಿದ್ದರೆ ಈ ಕಥೆ ಜೈಲಿನಿಂದ ಬರೆಯಬೇಕಾಗಿತ್ತು.

ಆಫೀಸಿನಲ್ಲಿ ಸಲಹೆಗೆ ಬರ ಇರಲಿಲ್ಲ. ಸ್ಟೋರ್ ನೋಡಿಕೊಳ್ಳುವ ಕಮಾಲುದ್ದೀನ್ ಫರಂಗಿಪೇಟೆಯ ಬ್ಯಾರಿ, ವಯಸ್ಸಿನಲ್ಲಿ ಹಿರಿಯರು, ಎಲ್ಲರಿಗೂ ಕಮಾಲ್‌ಕಾಕ. ಸೌದಿಯಲ್ಲಿ ಮೊದಲ ಒಂಟೆ ಹುಟ್ಟಿದಾಗ ಹಗ್ಗ ಹಿಡಿದವರು ಎಂಬಂತೆ ಮಾತಾಡುತ್ತಾರೆ. ಅವರು ಮಂಗಳವಾರ ಲ್ಯಾಬಿಗೆ ಬಂದು ಮಾನಿಟರಿನ ನೆತ್ತಿ ತಟ್ಟಿದರು.

"ಇದರ ಬಲ್ಬು ಹೋಗಿದೆ ಸೀನ."

"ಕಾಕ, ಇದಕ್ಕೆ ಬಲ್ಬು ಇಲ್ಲ."

"ಬಲ್ಬಿಲ್ಲದೆ ಬೆಳಕು ಎಲ್ಲಿಂದ ಬರ್ತದೆ? ಎಂತ ಮಾಸ್ಟರ್ ಮಾರಾಯ ನೀನು."

ಅವರ ಹಿಂದೆಯೇ ಶರ್ಮಿಳಾ ಬಂದಳು. ಉಡುಪಿಯವಳು, ನಮ್ಮ ಸರ್ಟಿಫಿಕೇಟುಗಳನ್ನೆಲ್ಲ ಮಾಡುವವಳು, ಗಂಡನಿಗೆ ಇಲ್ಲೇ ಆಸ್ಪತ್ರೆಯಲ್ಲಿ ಕೆಲಸ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದರೂ ಆ ಮುಖಕ್ಕೆ ಶರ್ಮಿಳಕ್ಕ ಎನ್ನದೆ ಧೈರ್ಯ ಬರುವುದಿಲ್ಲ. ದೀಪ್ತಿಯ ಜೊತೆ ಒಂದೇ ಕಾಲೇಜಿನಲ್ಲಿ ಓದಿದವಳು.

"ಸೀನಣ್ಣ, ಯೋಗೀಶನಿಗೆ ಒಂದು ಫೋನ್ ಮಾಡಿ ಆಯ್ತಾ," ಎಂದಳು. "ಅವ ಇರುವಾಗ ಇದನ್ನೆಲ್ಲ ನೋಡ್ತಿದ್ದದ್ದು ಅವನೇ ಅಲ್ವಾ."

ಯೋಗೀಶ್ ಎಂದರೆ ನಮ್ಮಲ್ಲೇ ಇದ್ದು, ಜಿಜಾನಿನ ಶಾಖೆಗೆ ವರ್ಗವಾದ ಕಾರ್ಕಳದ ಹುಡುಗ. ಸೊಳ್ಳೆಯಂಥ ದನಿ. ನಾನು ಉಸಿರು ಬಿಟ್ಟರೆ ಗಾಳಿಗೆ ಮೂರು ಕುರ್ಚಿ ಹಿಂದೆ ಹೋಗುವ ದೇಹ.

"ಅವನಿಗೆ ಕಲಿಸಿದವನೇ ನಾನು," ಎಂದೆ.

"ಎಂತದ್ದು ಕಲಿಸಿದ್ದು?"

"ಎಲ್ಲ."

ಶರ್ಮಿಳಾ ಮೊಬೈಲ್ ಒತ್ತುತ್ತಾ ಹೋದಳು. ಅವಳೇ ಹೇಳಿರಬೇಕು, ಸಂಜೆ ಯೋಗೀಶನ ಫೋನ್ ತಾನಾಗಿ ಬಂತು.

"ಸೀನಣ್ಣ, ಕನ್ಸೋಲ್ ಕಪ್ಪಾಗ್ತದಂತೆ ಹೌದಾ? ನೀವು ಒಮ್ಮೆ ಮಜ್ಲಿಸಿನ ಟಿವಿ..."

"ಯೋಗೀಶ, ಟಿವಿ ನೋಡ್ಲಿಕ್ಕೆ ನನಗೆ ಪುರುಸೊತ್ತಿಲ್ಲ ಮಾರಾಯ."

"ಅಲ್ಲ, ನೋಡುದು ಅಲ್ಲ. ಮೊದಲಿದ್ದ ಈಜಿಪ್ಟಿನ ಇಂಜಿನಿಯರ್ ಆ ಟಿವಿಗೆ..."

"ಜಿಜಾನಿನಲ್ಲಿ ಸೆಕೆ ಹೇಗುಂಟು? ನಿನ್ನ ತಲೆಗೆ ಹತ್ತಿದ ಹಾಗೆ ಕಾಣ್ತದೆ. ಅಲ್ಲಿ ಮಾವಿನ ಹಣ್ಣು ಚೆಂದ ಸಿಗ್ತದಂತೆ. ತಿನ್ನು, ತಂಪಾಗು." ಎಂದು ಫೋನ್ ಇಟ್ಟೆ.

ಮಜ್ಲಿಸ್ ಎಂದರೆ ನಮ್ಮ ಲ್ಯಾಬಿನ ಪಕ್ಕದ ಕೋಣೆ, ಬಂದವರನ್ನು ಕೂರಿಸಿ ಗಹ್ವಾ, ಅಂದರೆ ಅರಬ್ಬಿ ಕಾಫಿ, ಕೊಡುವ ಜಾಗ. ಸುತ್ತ ನೆಲದ ಮೆತ್ತೆಗಳು, ಗೋಡೆಯಲ್ಲಿ ಬಾಗಿಲಷ್ಟು ದೊಡ್ಡ ಟಿವಿ. ಲ್ಯಾಬಿಗೂ ಮಜ್ಲಿಸಿಗೂ ನಡುವೆ ಒಂದು ಗಾಜಿನ ಕಿಟಕಿ. ಮಜ್ಲಿಸಿನಲ್ಲಿ ಕುಳಿತವರಿಗೆ ನನ್ನ ಬೆನ್ನು ಕಾಣುತ್ತದೆ, ನನಗೆ ಅವರೂ ಕಾಣುವುದಿಲ್ಲ, ಟಿವಿಯೂ ಕಾಣುವುದಿಲ್ಲ. ಗುರುವಾರ ವಾರದ ಕೊನೆಯ ಕೆಲಸದ ದಿನ. ಅಂದು ಬೆಳಿಗ್ಗೆ ಎಲ್ಲರೂ ಅಲ್ಲೇ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಕೂತು, ಬೀನ್ಸ್ ಕಾಳು ಬೇಯಿಸಿ ಅರೆದ ಫೂಲ್ ಮತ್ತು ಹೊರಸಿನಷ್ಟು ಅಗಲದ ತಮೀಸ್ ರೊಟ್ಟಿ ತಿನ್ನುವುದು ನಮ್ಮಲ್ಲಿ ಪದ್ಧತಿ. ಮುದೀರನೂ ನೆಲಕ್ಕೆ ಕೂರುತ್ತಾನೆ. ಎಬ್ಬಿಸಲು ಇಬ್ಬರು ಬೇಕು.

ಗುರುವಾರ ಬಂತು. ಪರದೆ ಕಪ್ಪಾಗಿಯೇ ಇತ್ತು. ಸಾಲದ್ದಕ್ಕೆ ಗ್ರಾಫ್ ಬೆಳಿಗ್ಗೆಯಿಂದಲೇ ನಿಂತುಬಿಟ್ಟಿತ್ತು. ಒಳಗೆ ಹಿಂದಿನ ದಿನದಿಂದ ಒತ್ತಡ ಹಿಡಿದಿಟ್ಟ ದೊಡ್ಡ ವಾಲ್ವಿನ ಪರೀಕ್ಷೆ ಓಡುತ್ತಿತ್ತು. ಇನ್‌ಸ್ಪೆಕ್ಟರ್ ನೋಡಲು ಬರುವುದೇ ಆ ದಾಖಲೆಯನ್ನು. ಕರೆಂಟು ತೆಗೆದರೆ ದಾಖಲೆ ಹೋಯಿತು, ದಾಖಲೆ ಹೋದರೆ ಸಹಿ ಹೋಯಿತು.

ನಾನು ಹೆದರಲಿಲ್ಲ. ಹೆದರಿಕೆಯೇ ನನ್ನನ್ನು ಕಂಡು ರಸ್ತೆ ದಾಟುತ್ತದೆ. ಪೆಂಗ್ವಿನ್ ಪಂಗಡದವರ ವಿಡಿಯೋ ಇನ್ನೊಮ್ಮೆ ನೋಡೋಣ ಎಂದು ಲ್ಯಾಪ್‌ಟಾಪ್ ತಂದೆ. ಅದರ ಚಾರ್ಜ್ ಮುಗಿದಿತ್ತು, ಲ್ಯಾಬಿನಲ್ಲಿ ಪ್ಲಗ್ಗಿಗೆ ಜಾಗ ಇರಲಿಲ್ಲ. ಮಜ್ಲಿಸಿಗೆ ಹೋಗಿ, ಟಿವಿಯ ಕೆಳಗಿದ್ದ ಎಕ್ಸ್‌ಟೆನ್ಶನ್ ಬೋರ್ಡನ್ನು ಕಿತ್ತುಕೊಂಡು ಬಂದೆ. ಟಿವಿಯ ಪ್ಲಗ್ ಗೋಡೆಯಲ್ಲೇ ಇತ್ತು, ಬೋರ್ಡಿಗೆ ಸಿಕ್ಕಿಸಿದ್ದ ಡಿಶ್ ಪೆಟ್ಟಿಗೆಯ ವೈರನ್ನು ನೆಲದ ಮೇಲೆ ಬಿಟ್ಟೆ. ತಿಂಡಿಯ ಹೊತ್ತಿಗೆ ಟಿವಿ ನೋಡದಿದ್ದರೆ ಯಾರೂ ಸಾಯುವುದಿಲ್ಲ.

ವಿಡಿಯೋದಲ್ಲಿ ಒಬ್ಬ ಬೋಳುತಲೆಯವನು ತನ್ನ ಕಂಪ್ಯೂಟರ್ ಎಷ್ಟು ಚೆಂದ ನಡೆಯುತ್ತದೆ ಎಂದು ತೋರಿಸಿ ಮುಗಿಸಿದ. ಅಷ್ಟರಲ್ಲಿ ಮಜ್ಲಿಸಿನಲ್ಲಿ ಜನ ಸೇರುವ ಸದ್ದು ಕೇಳಿಸಿತು. ಗಾಜಿನ ಹಿಂದಿನಿಂದ ಮುದೀರ್ ನನ್ನ ಬೆನ್ನನ್ನು ನೋಡುತ್ತಿದ್ದಾನೆ ಎಂದು ಬೆನ್ನಿಗೇ ಗೊತ್ತಾಯಿತು. ಸುಮ್ಮನೆ ಕೂತರೆ ಕೆಟ್ಟದಾಗಿ ಕಾಣುತ್ತದೆ. ಕಂಟ್ರೋಲ್, ಆಲ್ಟ್, ಎಫ್-ಎರಡು ಒತ್ತಿ ಕಪ್ಪು ಪರದೆ ತಂದುಕೊಂಡು, ಎರಡು ಕೈಯಲ್ಲೂ ಟೈಪ್ ಮಾಡತೊಡಗಿದೆ. ಹೇಗೂ ಏನೂ ಕಾಣುವುದಿಲ್ಲ. ಕಾಣದ ಪರದೆಗೆ ಏನು ಬರೆದರೇನು? ಊರಿಗೆ ಮೆಸೇಜ್ ಹಾಕುವ ಹಾಗೆ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೇ ಬರೆದೆ. ಮನಸ್ಸಿನಲ್ಲಿ ಕೂಡಿಟ್ಟಿದ್ದನ್ನು ಬರೆದೆ. ಒಂದು ಸಾಲು, ಎಂಟರ್. ಇನ್ನೊಂದು ಸಾಲು, ಎಂಟರ್. ಬಹಳ ದಿನದಿಂದ ಇಷ್ಟು ಹಗುರವಾಗಿರಲಿಲ್ಲ. ಕಟ್ಟಕಡೆಗೆ ಒಂದು ಸಾಲು ಮಾತ್ರ ಬೇರೆ ಥರ ಬಂತು, ಅದು ಬೈಗುಳವಾಗಿರಲಿಲ್ಲ. ಅದನ್ನೂ ಎಂಟರ್ ಒತ್ತಿದೆ.

ಆಗ ಗೊತ್ತಾಯಿತು, ಮಜ್ಲಿಸಿನಲ್ಲಿ ರೊಟ್ಟಿ ಹರಿಯುವ ಸದ್ದೂ ನಿಂತಿದೆ.

"ಸೀನಾ," ಕಮಾಲ್‌ಕಾಕನ ದನಿ, ಅನುಮಾನ ಬರುವಷ್ಟು ಮೆತ್ತಗೆ. "ಒಮ್ಮೆ ಇಲ್ಲಿ ಬಾ ಮಾರಾಯ."

ಹೋದೆ. ಎಲ್ಲರೂ ತುತ್ತು ಕೈಯಲ್ಲಿ ಹಿಡಿದು ಟಿವಿ ನೋಡುತ್ತಿದ್ದರು. ಡಿಶ್ ಪೆಟ್ಟಿಗೆಗೆ ಕರೆಂಟಿಲ್ಲದ ಕಾರಣ ಟಿವಿ ಬೇರೆ ಎಲ್ಲಿಂದಾದರೂ ಚಿತ್ರ ಬರುತ್ತದೋ ಎಂದು ತಾನೇ ಹುಡುಕಿ, ಇನ್ನೊಂದು ವೈರಿನಿಂದ ಬಂದದ್ದನ್ನು ತೋರಿಸಿತ್ತು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಒಂದೊಂದೂ ನನ್ನ ಹೆಬ್ಬೆರಳಿಗಿಂತ ದಪ್ಪ.

ಕನ್ಸೋಲ್ ಯಾರು ಬಂದರೂ ಮೊದಲು 'ಲಾಗಿನ್' ಎಂದು ಹೆಸರು ಕೇಳುತ್ತದೆ. ಆಮೇಲೆ ಪಾಸ್‌ವರ್ಡ್ ಕೇಳುತ್ತದೆ, ಪಾಸ್‌ವರ್ಡ್ ಬರೆದರೆ ತೋರಿಸುವುದಿಲ್ಲ. ಹಾಗಾಗಿ ನನ್ನ ಒಂದು ಸಾಲನ್ನು ಹೆಸರು ಎಂದೂ ಮುಂದಿನ ಸಾಲನ್ನು ಪಾಸ್‌ವರ್ಡ್ ಎಂದೂ ಅದು ತಿಳಿದುಕೊಂಡು, ಒಂದನ್ನು ತೋರಿಸಿ ಒಂದನ್ನು ಮುಚ್ಚಿಟ್ಟು, ಪ್ರತಿ ಜೋಡಿಯ ಕೆಳಗೂ 'ಲಾಗಿನ್ ತಪ್ಪು' ಎಂದು ಮೇಷ್ಟರ ಹಾಗೆ ಷರಾ ಹಾಕಿತ್ತು.

ಲಾಗಿನ್: ಮುದೀರನ ತಲೆ ಖರ್ಜೂರದ ಬೀಜ ನೆಟ್ಟರೂ ಮೊಳೆಯುವುದಿಲ್ಲ

ಲಾಗಿನ್: ಕಮಾಲ್‌ಕಾಕನ ಸುಲೈಮಾನಿಯಲ್ಲಿ ಒಂಟೆ ಮಿಂದು ಹೋಗಿದೆ

ಲಾಗಿನ್: ಶರ್ಮಿಳಕ್ಕ ನಕ್ಕದ್ದನ್ನು ಕಂಡವರು ಯಾರೂ ಬದುಕಿಲ್ಲ

ಲಾಗಿನ್: ದೀಪ್ತಿ ಒಮ್ಮೆ ಬಂದುಬಿಡಲಿ ದೇವರೇ

ಕೋಣೆಯಲ್ಲಿ ಕನ್ನಡ ಬಲ್ಲವರು ನನ್ನನ್ನು ಬಿಟ್ಟರೆ ಇಬ್ಬರೇ. ಆ ಇಬ್ಬರ ಹೆಸರೂ ಗೋಡೆಯ ಮೇಲಿತ್ತು.

ಮುದೀರನಿಗೆ ಇಂಗ್ಲಿಷ್ ಅಕ್ಷರ ಬರುತ್ತದೆ. ಅವನು ಮೊದಲ ಪದಕ್ಕೆ ಬೆರಳು ತೋರಿಸಿದ. "ಮುದೀರ್. ಇದು ನಾನು. ಉಳಿದದ್ದು ಏನು, ಯಾ ಕಮಾಲ್?"

ಕಮಾಲ್‌ಕಾಕ ನನ್ನನ್ನು ನೋಡಿದರು. ತಮ್ಮ ಕೈಯಲ್ಲಿದ್ದ ಸುಲೈಮಾನಿ ಚಹಾದ ಲೋಟವನ್ನು ನೋಡಿದರು. ಒಂದು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡರು. ಮನುಷ್ಯನಿಗೆ ಸೇಡು ತೀರಿಸಿಕೊಳ್ಳಲು ಇಷ್ಟು ಒಳ್ಳೆಯ ಜಾಗ ಜನ್ಮಕ್ಕೊಮ್ಮೆ ಸಿಗುತ್ತದೆ.

"ಮುದೀರರ ತಲೆ ಖರ್ಜೂರದ ಹಾಗೆ, ಒಳಗೆಲ್ಲ ಸಿಹಿ ಅಂತ ಬರೆದಿದ್ದಾನೆ," ಎಂದರು ಅರಬ್ಬಿಯಲ್ಲಿ. "ಎರಡನೆಯದು ನನ್ನ ಚಹಾದ ಬಗ್ಗೆ. ಕುಡಿದರೆ ಒಂಟೆಯ ಶಕ್ತಿ ಬರ್ತದೆ ಅಂತ."

"ಮೂರನೆಯದು?"

"ನಾನು ಕೆಲಸದಲ್ಲಿ ಬಹಳ ಸೀರಿಯಸ್ ಅಂತ," ಎಂದಳು ಶರ್ಮಿಳಾ ಇಂಗ್ಲಿಷಿನಲ್ಲಿ. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ನಾಲ್ಕನೆಯದು ದುವಾ," ಎಂದರು ಕಮಾಲ್‌ಕಾಕ. "ಹೆಂಡತಿ ಇಲ್ಲಿಗೆ ಬರಲಿ ಅಂತ."

ನಾಲ್ಕನೆಯದನ್ನು ಅವರು ಒಂದು ಪದವೂ ಬದಲಿಸದೆ ಹೇಳಿದರು. ಮುದೀರ್ ಆ ಸಾಲಿನಲ್ಲಿದ್ದ ದೀಪ್ತಿಯ ಹೆಸರನ್ನು ಅಕ್ಷರ ಕೂಡಿಸಿ ಓದಿದ. ಆಮೇಲೆ, ನಾನು ಕಣ್ಣಾರೆ ಕಂಡೆ, ಜೇಬಿನಿಂದ ಪೆನ್ನು ತೆಗೆದ. "ಅಂದರೆ ಅಕ್ಷರ ಬಂತು. ನೀನೇ ತರಿಸಿದ್ದಾ?"

"ಮತ್ತೆ ಯಾರು," ಎಂದೆ. "ಬೇಕೆಂದೇ ಮಾಡಿದ್ದು. ಅಕ್ಷರ ಎಲ್ಲಿ ಅಡಗಿದೆ ಅಂತ ಹುಡುಕುವುದಕ್ಕೆ ಗಾಳ ಹಾಕಿದೆ. ಡಿಶ್ ಪೆಟ್ಟಿಗೆ ತೆಗೆದದ್ದೂ ಅದಕ್ಕೇ. ಇದು ಪುಸ್ತಕದಲ್ಲಿ ಸಿಗುವ ವಿದ್ಯೆಯಲ್ಲ."

"ಹಾಗಾದ್ರೆ ಗಾಳಕ್ಕೆ ಮೀನು ಬಿದ್ದದ್ದು ನೋಡ್ಲಿಕ್ಕೆ ನೀವೇ ಬರ್ಬೇಕಿತ್ತಲ್ಲ ಸೀನಣ್ಣ," ಶರ್ಮಿಳಾ ಕನ್ನಡದಲ್ಲಿ ಅಂದಳು. "ಕಾಕ ಕರೆದ ಮೇಲೆ ಬಂದದ್ದು ಯಾಕೆ? ಬರುವಾಗ ಮುಖ ಬೂದಿ ಬಳಿದ ಹಾಗೆ ಇತ್ತಲ್ಲ, ಅದೂ ವಿದ್ಯೆಯಾ?"

"ಮಧ್ಯದಲ್ಲಿ ಕಾಣದ ಸಾಲುಗಳುಂಟಲ್ಲ ಶರ್ಮಿಳಕ್ಕ," ಎಂದೆ ನಾನೂ ಮೆಲ್ಲಗೆ. "ಅದರಲ್ಲೆಲ್ಲ ನಿಮ್ಮನ್ನು ಹೊಗಳಿದ್ದೆ. ಒಂದು ಸಾಲು ತಮಾಷೆ, ಒಂದು ಸಾಲು ಹೊಗಳಿಕೆ. ಈ ದರಿದ್ರ ಯಂತ್ರ ಹೊಗಳಿಕೆಯನ್ನೇ ಮುಚ್ಚಿಟ್ಟಿತು."

"ಹೌದಾ," ಎಂದಳು. ಮೊಬೈಲ್ ಎತ್ತಿ ಟಿವಿಯ ಒಂದು ಫೋಟೋ ತೆಗೆದಳು. ಯಾಕೆ ಎಂದು ಕೇಳಲು ನನಗೆ ಆಗ ಹೊಳೆಯಲಿಲ್ಲ.

ಮುದೀರ್ ಕಾಗದ ತರಿಸಿದ. ಪೆನ್ನಿನ ಮುಚ್ಚಳ ತೆಗೆದ. ಪೆನ್ನಿನ ಮೊನೆಗೂ ಕಾಗದಕ್ಕೂ ನಡುವೆ ಒಂದು ಇರುವೆ ತಲೆ ತಗ್ಗಿಸಿ ಹೋಗುವಷ್ಟು ಜಾಗ ಇದ್ದಾಗ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಇನ್‌ಸ್ಪೆಕ್ಟರ್ ಬಂದಿದ್ದ.

"ಯಲ್ಲಾ ಸೀನಾ," ಮುದೀರ್ ತಲೆಯೆತ್ತಿದ. "ಮೊದಲು ಗ್ರಾಫ್ ಶುರುಮಾಡು. ಸಹಿ ಎಲ್ಲಿಗೂ ಓಡಿಹೋಗುವುದಿಲ್ಲ."

ಲ್ಯಾಬಿಗೆ ಹೋಗಿ ಕೂತೆ. ಪರದೆ ಕಪ್ಪು, ಅಕ್ಷರ ಪಕ್ಕದ ಕೋಣೆಯಲ್ಲಿ. ಕಮಾಲ್‌ಕಾಕ ಬಾಗಿಲಲ್ಲಿ ನಿಂತು ಟಿವಿ ನೋಡಿ ನನಗೆ ಹೇಳಬೇಕು. ಅಷ್ಟೆಲ್ಲ ಆಗಬಹುದಿತ್ತು. ಆಗದ ವಿಷಯ ಒಂದೇ, ಲಾಗಿನ್ ಎಂದು ಕೇಳಿದಾಗ ಕೊಡಬೇಕಾದ ಹೆಸರು ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಕನ್ಸೋಲಿನೊಳಗೆ ನಾನು ಈ ತನಕ ಹೋದವನೇ ಅಲ್ಲ. ಯೋಗೀಶ್ ಹೋಗುತ್ತಿದ್ದ. ನಾನು ಅವನ ಹಿಂದೆ ನಿಂತು ಚಹಾ ಕುಡಿಯುತ್ತಿದ್ದೆ.

ಅಡ್ಮಿನ್ ಎಂದು ಹಾಕಿದೆ.

"ಲಾಗಿನ್ ತಪ್ಪು," ಎಂದರು ಕಮಾಲ್‌ಕಾಕ.

ಕಂಪನಿಯ ಹೆಸರು ಹಾಕಿದೆ.

"ತಪ್ಪು."

ಮುದೀರನ ಹೆಸರು ಹಾಕಿದೆ.

"ಅದೂ ತಪ್ಪಂತೆ. ಸೀನ, ಇನ್‌ಸ್ಪೆಕ್ಟರ್ ಶೂ ಬಿಚ್ಚುತ್ತಿದ್ದಾನೆ. ಬೇಗ ಮಾಡು ಮಾರಾಯ."

ಕೈ ತಾನಾಗಿಯೇ ನನ್ನ ಹೆಸರನ್ನು ಬರೆಯಿತು. ಮೂರ್ಖತನಕ್ಕೂ ಒಂದು ಮಿತಿ ಬೇಕು.

"ಸೀನ ತಪ್ಪು," ಎಂದರು ಕಮಾಲ್‌ಕಾಕ. ಹಿಂದಿನಿಂದ ಯಾರೋ ಕಿಸಕ್ಕೆಂದರು. ನಕ್ಕದ್ದು ಶರ್ಮಿಳಾ ಎಂದರೆ ನೀವು ನಂಬಬೇಕು. ನಾನು ಬದುಕಿಯೇ ಇದ್ದೆ.

ಮುದೀರ್ ಲ್ಯಾಬಿನೊಳಗೆ ಬಂದು ನನ್ನ ಕುರ್ಚಿಯ ಪಕ್ಕ ನಿಂತ. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನ್ನ ಬಳಿ ಉತ್ತರವಿತ್ತು, ಸಿಟ್ಟಿಗೆ ನಾನು ಯಾವತ್ತೂ ಉತ್ತರ ಇಟ್ಟುಕೊಂಡೇ ಇರುತ್ತೇನೆ. ಅವನು ಸಾವಧಾನವಾಗಿ ಕೇಳಿದ.

"ಸೀನಾ, ದೀಪ್ತಿ ಬರಲಿ ಎಂದು ಬರೆದದ್ದು ನಿಜ ತಾನೇ?"

"ನಿಜ."

"ಹಾಗಾದರೆ ಇದಕ್ಕೂ ಅದೇ ಬಾಯಲ್ಲಿ ಉತ್ತರ ಕೊಡು. ನಿನಗೆ ಈ ಕೆಲಸ ಗೊತ್ತುಂಟಾ ಇಲ್ಲವಾ?"

ಕೀಬೋರ್ಡಿನಿಂದ ಕೈ ತೆಗೆದೆ.

"ಯೋಗೀಶನಿಗೆ ಗೊತ್ತುಂಟು," ಎಂದೆ.

ಫೋನ್ ಹಚ್ಚಿದೆ. ಕೈ ಎರಡೂ ಕೀಬೋರ್ಡಿನ ಮೇಲಿರಬೇಕಾದ್ದರಿಂದ ಸ್ಪೀಕರ್ ಹಾಕಬೇಕಾಯಿತು. ಈ ಅವಮಾನವನ್ನೂ ದೇವರು ಈ ದಿನಕ್ಕೇ ಇಟ್ಟಿದ್ದ.

"ಟಿವಿಯಲ್ಲಿ ಕಂಡಿತಾ?" ಸೊಳ್ಳೆಯ ದನಿ ಲ್ಯಾಬಿನ ತುಂಬ ಕೇಳಿಸಿತು. "ನಾನು ಮಂಗಳವಾರ ಹೇಳ್ಲಿಕ್ಕೆ ಹೊರಟದ್ದು ಅದೇ ಸೀನಣ್ಣ. ಆ ಈಜಿಪ್ಟಿನವರು ಗಿರಾಕಿಗಳಿಗೆ ಗ್ರಾಫ್ ತೋರಿಸ್ಲಿಕ್ಕೆ ಕಂಪ್ಯೂಟರಿನ ಹಳೆ ಸಾಕೆಟಿನಿಂದ ಟಿವಿಗೆ ವೈರ್ ಎಳೆದಿದ್ರು. ಅದು ಈಗ್ಲೂ ಉಂಟಾ ಅಂತ ಕೇಳುವ ಅಂತಿದ್ದೆ. ನೀವು ಮಾವಿನ ಹಣ್ಣು ತಿನ್ನು ಹೇಳಿದ್ರಿ."

"ತಿಂದಿಯಾ?" ಎಂದು ಕೇಳಿದರು ಕಮಾಲ್‌ಕಾಕ ಬಾಗಿಲಿನಿಂದ.

"ಈಗ ಸೀಸನ್ ಇಲ್ಲ ಕಾಕ. ಸೀನಣ್ಣ, ಅದಕ್ಕೆ ಹೊಸ ಕಾರ್ಡ್ ಎಂತಾದ್ರೂ ಹಾಕಿದ್ದೀರಾ? ಹಾಕಿದ್ರೆ ಡೆಸ್ಕ್‌ಟಾಪ್ ಹೊಸ ಕಾರ್ಡಿಗೆ ಹೋಗಿ, ಅಕ್ಷರ ಮಾತ್ರ ಹಳೆ ಸಾಕೆಟಲ್ಲೇ ಉಳಿದಿರ್ಬೇಕು. ನನಗೂ ಸರಿ ಗೊತ್ತಿಲ್ಲ, ಅಂದಾಜು. ಯಾರು ಹಾಕಿದ್ದು?"

ಎಲ್ಲರೂ ನನ್ನ ಬೆನ್ನನ್ನು ನೋಡಿದರು. ಆ ಬೆನ್ನಿಗೆ ಅಂದು ಪುರುಸೊತ್ತೇ ಇರಲಿಲ್ಲ.

ಯೋಗೀಶ್ ಲಾಗಿನ್ನಿಗೆ ಕೊಡುವ ಹೆಸರು ಹೇಳಿದ, ಪಾಸ್‌ವರ್ಡಿನ ಒಂದೊಂದೇ ಅಕ್ಷರ ಹೇಳಿದ, ಗ್ರಾಫ್ ಶುರುಮಾಡುವ ಸಾಲು ಹೇಳಿದ. ಅವನು ಹೇಳಿದ್ದನ್ನು ನಾನು ಬರೆದೆ. ನಾನು ಬರೆದದ್ದನ್ನು ಕಮಾಲ್‌ಕಾಕ ಟಿವಿಯಲ್ಲಿ ಓದಿ ಹೇಳಿದರು. ಮೂರು ಜನ ಸೇರಿ ಒಂದು ಸಾಲು. ಎಫ್-ಏಳು ಒತ್ತಿದೆ, ಡೆಸ್ಕ್‌ಟಾಪ್ ಬಂತು, ಗ್ರಾಫಿನ ಗೆರೆ ನಡೆಯತೊಡಗಿತು. ಇನ್‌ಸ್ಪೆಕ್ಟರ್ ಬಂದು ನೋಡಿ, ದಾಖಲೆ ಸರಿಯಾಗಿದೆ ಎಂದು, ಉಳಿದ ರೊಟ್ಟಿ ತಿಂದು ಹೋದ.

ಮುದೀರ್ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸೇರಿಸಿದ. ಕಾಗದವನ್ನು ನನ್ನ ಕೈಗೇ ವಾಪಸು ಕೊಟ್ಟ. "ಹರಿದುಹಾಕಬೇಡ. ಯೋಗೀಶನಿಂದ ಕಲಿ. ನೀನು ಕಲಿತಿದ್ದೀ ಎಂದು ಅವನು ಹೇಳಿದ ದಿನ ತೆಗೆದುಕೊಂಡು ಬಾ," ಎಂದ.

ಸಂಜೆ ದೀಪ್ತಿಯ ಫೋನ್ ಬಂತು.

"ಸಹಿ ಆಯ್ತಾ?"

"ಅದನ್ನು ಯಾಕೆ ಕೇಳ್ತಿ," ಎಂದೆ. "ಟಿವಿಯಲ್ಲಿ ನನ್ನ ಅಕ್ಷರ ಕಂಡು ಮುದೀರ್ ಎದ್ದು ನಿಂತ. ಯಾರೂ ಎಬ್ಬಿಸ್ಲಿಲ್ಲ, ತಾನೇ ಎದ್ದ. ಇನ್‌ಸ್ಪೆಕ್ಟರ್ ಬಂದವನೇ ನನ್ನ ಕೈ ಹಿಡಿದುಕೊಂಡು, ಇಂಥವರು ರಿಯಾದಿನಲ್ಲೂ ಇಲ್ಲ ಅಂತ..."

"ಶರ್ಮಿಳಾ ಫೋಟೋ ಕಳಿಸಿದ್ದಾಳೆ," ಎಂದಳು.

ಇನ್‌ಸ್ಪೆಕ್ಟರ್ ಹಿಡಿದಿದ್ದ ಕೈಯನ್ನು ಅಲ್ಲೇ ಬಿಡಿಸಿಕೊಂಡೆ.

"ನಾಲ್ಕನೇ ಸಾಲು ಓದಿದೆ," ಎಂದಳು. "ಮೇಲಿನ ಮೂರೂ ಓದಿದೆ. ಮೂರನೆಯದಕ್ಕೆ ನಾಳೆ ಹೋಗಿ ಅವಳ ಹತ್ರ ತಪ್ಪಾಯ್ತು ಹೇಳಿ. ಮಧ್ಯೆ ಕಾಣದ್ದರಲ್ಲಿ ಹೊಗಳಿದ್ದೀರಂತೆ. ಎಂತ ಹೊಗಳಿದ್ದು?"

"ಹೊಗಳಿದ್ದಲ್ಲ," ಎಂದೆ. "ಅದೂ ಬೈದದ್ದೇ. ಕಂಡದ್ದಕ್ಕಿಂತ ಜೋರಾಗಿ."

"ಸರಿ. ಈಗ ಉಳಿದದ್ದು ಹೇಳಿ. ನಾನು ಸೂಟ್‌ಕೇಸ್ ಕೆಳಗೆ ಇಳಿಸಿ ಇಟ್ಟಿದ್ದೇನೆ. ಅದನ್ನು ಎಂತ ಮಾಡುದು?"

ನಾನು ಕೆಮ್ಮಿದೆ. ಎಲ್ಲಿಯೂ ಯಾವ ಅಕ್ಷರವೂ ಬರಲಿಲ್ಲ.

"ಮೇಲಿಡು," ಎಂದೆ. "ಸಹಿ ಆಗಿಲ್ಲ. ಆ ಕೆಲಸ ನನಗೆ ಗೊತ್ತಿಲ್ಲ ದೀಪ್ತಿ. ಮೊದಲೂ ಗೊತ್ತಿರ್ಲಿಲ್ಲ. ಯೋಗೀಶನಿಗೆ ನಾನು ಕಲಿಸಿದ್ದು ಎಂತದ್ದೂ ಇಲ್ಲ. ಆ ಕಾರ್ಡ್ ಹಾಕಿ ಎಲ್ಲ ಕೆಡಿಸಿದ್ದೂ ನಾನೇ."